ಎಡೆಗೆ ಮುಂಚಿನ ಉಪ್ಪು

ಬಸ್ಸು ಸುವೊನ್ ನಗರ ಬಿಟ್ಟು ನಲವತ್ತು ನಿಮಿಷವಾಗಿತ್ತು. ಸುವೊನ್ ಮಾತ್ರ ಇನ್ನೂ ಬಸ್ಸನ್ನು ಬಿಟ್ಟಿರಲಿಲ್ಲ. ಚುಸೊಕ್ ಹುಣ್ಣಿಮೆಯ ಹಿಂದಿನ ದಿನ ಊರಿಗೆ ಊರೇ ಹಿರಿಯರ ಮನೆಗೆ ಹೊರಟು ಹೆದ್ದಾರಿಯ ಮೇಲೆ ಸಾಲುಗಟ್ಟಿ ನಿಂತುಬಿಡುತ್ತದೆ. ಕಿಟಕಿಯಾಚೆ ಟೈರು ಅಂಗಡಿಯ ಅದೇ ಬೋರ್ಡು. ನಾಮ್‌ಹೀ ಅದನ್ನು ಆರನೆಯ ಸಲ ಓದಿದಳು. ತೊಡೆಯ ಮೇಲೆ ಗುಲಾಬಿ ಬಟ್ಟೆಯಲ್ಲಿ ಗಂಟು ಕಟ್ಟಿದ ಮೂರು ಅಂತಸ್ತಿನ ಡಬ್ಬಿ. ಕೆಳಗೆ ಮಾಂಸದ ಬಿಲ್ಲೆ, ನಡುವೆ ಮೀನಿನ ಹೋಳು, ಮೇಲೆ ಎಳೆಗುಂಬಳದ ಬಿಲ್ಲೆ. ಮೂರೂ ಹಿಟ್ಟಿನಲ್ಲಿ ಹೊರಳಿ, ಮೊಟ್ಟೆಯಲ್ಲಿ ಮುಳುಗಿ, ಕಾವಲಿಯ ಮೇಲೆ ಹೊಂಬಣ್ಣಕ್ಕೆ ಬಂದ ಜೊನ್. ಬೆಳಗಿನ ನಾಲ್ಕಕ್ಕೆ ಎದ್ದು ಮಾಡಿ, ಬಿದಿರಿನ ತಟ್ಟೆಯಲ್ಲಿ ಪೂರ್ತಿ ಆರಿಸಿ, ಪದರಕ್ಕೊಂದು ಕಾಗದ ಹಾಸಿ ಜೋಡಿಸಿದ್ದಳು. ಬಿಸಿ ಇರುವಾಗ ಮುಚ್ಚಿದರೆ ಬೆವರುತ್ತದೆ, ಬೆವರಿದ ಜೊನ್ ಮೂರು ತಾಸಿನಲ್ಲಿ ಹಳಸುತ್ತದೆ ಎನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೂ ಓರಗಿತ್ತಿ ಯೊನ್‌ಜಾ ಫೋನಿನಲ್ಲಿ ನಾಲ್ಕು ಸಲ ಹೇಳಿಕೊಟ್ಟಿದ್ದಳು.

ಏಳನೆಯ ಸಲ ಬೋರ್ಡು ಓದುವಾಗ ಅವಳು ಅರ್ಧಕ್ಕೇ ನಿಲ್ಲಿಸಿದಳು.

ಮೀನಿಗೆ ಉಪ್ಪು ಹಾಕಿದೆನೆ?

"ರೀ," ಎಂದು ಗಂಡನ ಪಕ್ಕೆಗೆ ತಿವಿದಳು. ಸಂಗ್‌ತೇಗೆ ಬಸ್ಸು ಹತ್ತುವುದೂ ನಿದ್ದೆ ಹತ್ತುವುದೂ ಒಂದೇ ಕ್ರಿಯೆ. "ರೀ, ಬೆಳಿಗ್ಗೆ ನಾನು ಮೀನಿಗೆ ಉಪ್ಪು ಹಾಕಿದ್ದು ನೋಡಿದ್ರಾ?"

"ನಾನು ಎದ್ದಿದ್ದೇ ಒಂಬತ್ತಕ್ಕೆ."

"ಅದು ಗೊತ್ತು. ಆದ್ರೂ."

ಅವನು ಕಣ್ಣು ತೆರೆಯದೆ ಸುಲಭದ ದಾರಿ ಹೇಳಿದ: "ಒಂದು ತಿಂದು ನೋಡು."

ಅದೇ ಆಗದ ಮಾತು. ಹಿರಿಯರ ಎಡೆಗೆ ಹೋಗುವ ಪದಾರ್ಥವನ್ನು ಎಡೆಗೆ ಮುಂಚೆ ಬಾಯಿಗಿಟ್ಟರೆ ಎಂಜಲಾಯಿತು. ಯಂಗ್‌ಜುವಿನ ಹಿರಿಮನೆಯಲ್ಲಿ ಇದರ ಬಗ್ಗೆ ಎರಡು ಮಾತಿಲ್ಲ. ಅಲ್ಲಿ ಸಾರು ಕುದಿಸುವವರು ವಾಸನೆ ನೋಡಿ ಉಪ್ಪು ತಿಳಿಯುತ್ತಾರೆ, ಅಥವಾ ತಿಳಿದವರ ಹಾಗೆ ತಲೆ ಆಡಿಸುತ್ತಾರೆ.

ಈ ನಿಯಮದ ಜೊತೆ ನಾಮ್‌ಹೀಗೆ ಹಳೆಯ ಲೆಕ್ಕವಿತ್ತು. ಮದುವೆಯಾದ ವರ್ಷ, ಮೊದಲ ಚುಸೊಕ್, ಬೆಳಗಿನಿಂದ ಹೊಗೆ ಕುಡಿದು ಹೊಟ್ಟೆ ಚುರುಗುಟ್ಟುತ್ತಿದ್ದಾಗ ಅವಳು ಒಂದು ಮಾಂಸದ ಬಿಲ್ಲೆಯನ್ನು ಬಾಯಿಗೆ ಎಸೆದುಕೊಂಡಳು. ಬಿಲ್ಲೆ ಕೆಂಡದಷ್ಟು ಬಿಸಿ. ಉಗುಳುವಂತಿಲ್ಲ, ನುಂಗುವಂತಿಲ್ಲ. ಆ ಹೊತ್ತಿಗೆ ಸರಿಯಾಗಿ ಅತ್ತೆ ಒಳಗೆ ಬಂದರು. ಸೊಸೆಯ ಉಬ್ಬಿದ ಕೆನ್ನೆಯನ್ನೂ ನೀರೂರಿದ ಕಣ್ಣನ್ನೂ ನೋಡಿ ಒಂದೇ ಮಾತು ಆಡಿದರು: "ಹಿರಿಯರಿಗಿಂತ ನೀನೇ ಹಿರಿಯಳೋ?"

ಬೈಗುಳ ಅಷ್ಟಕ್ಕೇ ಮುಗಿಯಿತು. ಶಿಕ್ಷೆ ಮುಗಿಯಲಿಲ್ಲ. ಮರುವರ್ಷದಿಂದ ಉಪ್ಪಿನ ಜಾಡಿ ಹಿರಿಸೊಸೆ ಯೊನ್‌ಜಾಳ ಬಲಗೈ ಬಳಿ ಕೂತಿತು. ನಾಮ್‌ಹೀಗೆ ಅದ್ದುವ, ಹಾಕುವ, ಮಗುಚುವ ಕೆಲಸ. ಉಪ್ಪು ಹಾಕುವ ಕೆಲಸವಲ್ಲ. ಹೀಗೆ ಮೂವತ್ತೊಂದು ವರ್ಷ. ಅವಳು ಸುವೊನ್‌ನ ಶಾಲೆಯೊಂದರ ಊಟದ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆಯವಳು. ದಿನಕ್ಕೆ ನಾನೂರು ಮಕ್ಕಳ ಸಾರಿಗೆ ಉಪ್ಪು ಹಾಕುತ್ತಾಳೆ, ಒಂದು ಮಗುವೂ ದೂರು ಹೇಳಿಲ್ಲ. ಹೇಳಿದ್ದೆಲ್ಲ ಪಾಲಕ್ ಸೊಪ್ಪಿನ ಬಗ್ಗೆ. ಬದುಕಿರುವ ನಾನೂರು ಜನಕ್ಕೆ ಸಲ್ಲುವ ಕೈ, ತೀರಿಹೋದ ಎಂಟು ಜನಕ್ಕೆ ಸಲ್ಲುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅತ್ತೆಯೂ ಆ ಎಂಟರಲ್ಲಿ ಒಬ್ಬರಾಗಿ ಎಡೆಯ ಆಚೆ ಬದಿಗೆ ಹೋಗಿ ಕೂತಿದ್ದರು. ಜಾಡಿ ಮಾತ್ರ ಅಲ್ಲಾಡಲಿಲ್ಲ.

ಈ ವರ್ಷ ಅಲ್ಲಾಡಿತು. ಯೊನ್‌ಜಾಳ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ನೆಲದ ಮೇಲೆ ಕೂತು ಕಾವಲಿ ಕಾಯುವಂತಿರಲಿಲ್ಲ. ತಿಂಗಳ ಹಿಂದೆ ಫೋನು ಬಂತು.

"ಏ ಹುಡುಗೀ," ಎಂದಿದ್ದಳು ಯೊನ್‌ಜಾ. ಐವತ್ತೆಂಟರ ನಾಮ್‌ಹೀ ಅವಳಿಗೆ ಇಂದಿಗೂ ಹುಡುಗಿಯೇ. "ಈ ಸಲ ಜೊನ್ ನಿಮ್ಮನೇಲೇ ಮಾಡ್ಕೊಂಡು ತಂದುಬಿಡು. ಉಪ್ಪುಗಿಪ್ಪು ಎಲ್ಲಾ ನೀನೇ. ಚೆನ್ನಾಗಿ ಬಂದ್ರೆ ಸರಿ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಮಾರ್ಕೆಟ್ಟಿನ ಅಂಗಡೀಗೆ ಹೇಳಿಬಿಡೋಣ. ಯಾರಿಗೂ ರಗಳೆ ಬೇಡ."

"ಆಗ್ಲಿ ಅಕ್ಕ," ಎಂದು ಫೋನಿಟ್ಟ ನಾಮ್‌ಹೀ ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಈಗ ಬಸ್ಸು ಒಂದು ಲಾರಿಯಷ್ಟು ಮುಂದೆ ಸರಿದು ನಿಂತಿತು. ಅವಳು ಬೆಳಗನ್ನು ಮತ್ತೆ ಮೊದಲಿನಿಂದ ತಿರುವಿ ನೋಡಿದಳು. ಮಾಂಸ ಕಲಸಿದ್ದು ರಾತ್ರಿಯೇ. ಅದಕ್ಕೆ ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಹಾಕಿದ್ದಳು. ಎಳೆಗುಂಬಳ ಬಿಲ್ಲೆ ಮಾಡಿ ಸಾಲಾಗಿ ಇಟ್ಟು ಉಪ್ಪು ಉದುರಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಕಾಯಿಯೂ ಈ ಸಲ ಎಂಥ ಒಳ್ಳೆಯದು ಸಿಕ್ಕಿತ್ತೆಂದರೆ ಒಂದು ತೊಟ್ಟು ನೀರು ಬಿಡಲಿಲ್ಲ, ಮೊಟ್ಟೆ ಹಚ್ಚೆ ಹಾಕಿದಂತೆ ಅಂಟಿತು. ಆಮೇಲೆ ಮೀನು. ನೀರು ಹಿಂಡಿದಳು. ಒಣಬಟ್ಟೆಯಲ್ಲಿ ಒತ್ತಿದಳು. ಕೈಯಲ್ಲಿ ಉಪ್ಪು ತೆಗೆದುಕೊಂಡಳು. ಆಗ ಫೋನು ಬಂತು. "ಮೀನಿನ ನೀರು ಹಿಂಡಿದ್ಯಾ? ಹಿಂಡದೆ ಹಿಟ್ಟಿಗೆ ಹಾಕ್ಬೇಡ, ಗಂಜಿ ಆಗುತ್ತೆ." ಹಿಂಡಿದೀನಿ ಅಕ್ಕ. ಫೋನಿಟ್ಟು ತಿರುಗಿದಾಗ ಕೈಯಲ್ಲಿ ಉಪ್ಪು ಇರಲಿಲ್ಲ. ಅದು ಮೀನಿನ ಮೇಲೆ ಹೋಯಿತೋ, ಡಬ್ಬಕ್ಕೆ ವಾಪಸಾಯಿತೋ, ಅಂಗಿಗೆ ಒರೆಸಿಕೊಂಡಳೋ, ಅಲ್ಲಿಂದ ಮುಂದೆ ಬರೀ ಮಂಜು.

"ನೋಡು," ಎಂದ ಸಂಗ್‌ತೇ, ಅವಳ ಮೊಣಕಾಲು ಒಂದೇ ಸಮನೆ ಕುಣಿಯುತ್ತಿದ್ದರಿಂದ ಎಚ್ಚರಗೊಂಡು. "ಸಪ್ಪೆ ಇದ್ರೆ ಲಾಭ ನಿನಗೇ. ಮುಂದಿನ ವರ್ಷದಿಂದ ಅಂಗಡಿ ಜೊನ್. ಪ್ರತಿ ವರ್ಷ ವಾಪಸ್ ಬರೋ ಬಸ್ಸಲ್ಲಿ ನೀನು ಕೇಳ್ತಿದ್ದಿದ್ದೂ ಅದೇ ತಾನೆ? 'ಯಾರಾದ್ರೂ ನನ್ನ ಈ ಕಾವಲಿಯಿಂದ ಬಿಡಿಸಿ' ಅಂತ."

"ನಾನಾಗಿ ಬಿಡೋದು ಬೇರೆ, ಅವರು ಬಿಡಿಸೋದು ಬೇರೆ."

"ವ್ಯತ್ಯಾಸ ಏನು?"

"ನಿಮ್ಮನ್ನ ಕೆಲಸದಿಂದ ತೆಗೆದಿದ್ರೆ ಗೊತ್ತಾಗ್ತಿತ್ತು. ನೀವು ರಿಟೈರಾದ್ರಿ."

ಸಂಗ್‌ತೇ ಈ ಉತ್ತರವನ್ನು ಒಂದು ಕ್ಷಣ ತೂಗಿ, ಭಾರವೆನಿಸಿ, ಮತ್ತೆ ನಿದ್ದೆಗೆ ಹೋದ.

ನಾಮ್‌ಹೀ ಗಂಟು ಬಿಚ್ಚಿದಳು. ನಡುವಿನ ಡಬ್ಬಿಯ ಮುಚ್ಚಳ ಬೆರಳಷ್ಟು ಎತ್ತಿ ಮೂಗು ತೂರಿಸಿದಳು. ಮೀನಿನ ವಾಸನೆ ಬಂತು, ಎಣ್ಣೆಯ ವಾಸನೆ ಬಂತು, ಉಪ್ಪಿಗೆ ವಾಸನೆಯಿಲ್ಲ. ಮುಚ್ಚಿದಳು. ಐಸ್ ಪ್ಯಾಕನ್ನು ಎಡದಿಂದ ಬಲಕ್ಕೆ ಇಟ್ಟಳು. ಗಂಟು ಕಟ್ಟಿದಳು. ಹತ್ತು ನಿಮಿಷಕ್ಕೆ ಮತ್ತೆ ಬಿಚ್ಚಿದಳು. ಬೆರಳಿಗೆ ಅಂಟಿದ ಎಣ್ಣೆಯನ್ನು ನೆಕ್ಕಿದರೆ ಅದು ತಿಂದ ಹಾಗೋ, ಕೈ ತೊಳೆದ ಹಾಗೋ ಎಂದು ತನ್ನೊಳಗೇ ವಾದ ಹೂಡಿದಳು. ಅತ್ತೆಯ ಮುಖ ಅಡ್ಡ ಬಂತು. ಬೆರಳನ್ನು ಕರವಸ್ತ್ರಕ್ಕೆ ಒರೆಸಿದಳು.

ಮೂರು ತಾಸಿನ ದಾರಿಗೆ ನಾಲ್ಕೂವರೆ ತಾಸು ಕಳೆದಿತ್ತು, ಇನ್ನೂ ಮೂರರಲ್ಲೊಂದು ಪಾಲು ದಾರಿ ಬಾಕಿಯಿತ್ತು. ಅಂತೂ ಬಸ್ಸು ದಾರಿಬದಿಯ ತಂಗುದಾಣಕ್ಕೆ ತಿರುಗಿತು. ಚಾಲಕ ಹದಿನೈದು ನಿಮಿಷ ಎಂದು ಕೂಗಿದ. ಸಂಗ್‌ತೇ ಆಲೂಗಡ್ಡೆ ಕಡ್ಡಿ ಕೊಳ್ಳಲು ಓಡಿದ. ನಾಮ್‌ಹೀ ಡಬ್ಬಿಯನ್ನು ಎದೆಗವುಚಿಕೊಂಡು ಇಳಿದು, ಮರದ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಅದೇ ಬಸ್ಸಿನ ಇನ್ನೊಬ್ಬ ಹೆಂಗಸು ಬಂದು ಕೂತಳು. ನೇರಳೆ ಜಾಕೀಟು, ಅರವತ್ತರ ಆಚೀಚೆ, ತೊಡೆಯ ಮೇಲೆ ಬೆಳ್ಳಿ ಬಣ್ಣದ ಚೀಲ. ಅವಳೂ ಜಿಪ್ಪನ್ನು ಎಳೆದು, ಒಳಗೆ ಮೂಗಿಟ್ಟು, ಮತ್ತೆ ಎಳೆದಳು.

ಇಬ್ಬರೂ ಒಬ್ಬರ ಮಡಿಲನ್ನೊಬ್ಬರು ನೋಡಿದರು.

"ಜೊನ್ನಾ?" ಎಂದಳು ನೇರಳೆ ಜಾಕೀಟು.

"ಹೂಂ. ನಿಮ್ದು?"

"ಮೀನು. ಹಿರಿಮನೆ ಪುಂಗಿ ಅನ್ನೋ ಊರಲ್ಲಿದೆ. ಹೋದ ತಿಂಗಳಿಂದ ತಲೆ ಕೆಟ್ಟಿದೆ ನಂಗೆ. ನಮ್ಮೆಜಮಾನ್ರಿಗೆ ಬೀಪಿ. ಎರಡು ವರ್ಷದಿಂದ ಉಪ್ಪಿಲ್ಲದೆ ಬೇಯಿಸಿ ಬೇಯಿಸಿ ಕೈಗೆ ಅಂದಾಜೇ ಹೋಗಿದೆ ಕಣ್ರೀ. ಸಪ್ಪೆ ಆಗಿದ್ರೆ ಏನು ಗತಿ? ಈ ಸಲ ಭಾವನ ಮನೆಗೆ ಹೊಸ ಸೊಸೆ ಬೇರೆ ಬಂದಿದಾಳೆ, ಅವಳ ಮುಂದೆ..."

"ತಿಂದು ನೋಡೋಹಾಗಿಲ್ವಾ?"

"ಅಯ್ಯೋ, ಎಡೆಗೆ ಮುಂಚೆ? ನಮ್ಮತ್ತೆ ಸಮಾಧಿಯಿಂದ ಎದ್ದು ಬರ್ತಾರೆ."

"ನಮ್ಮವರೂ ಎದ್ದೇ ಕೂತಿರ್ತಾರೆ," ಎಂದಳು ನಾಮ್‌ಹೀ.

ಮೊದಲು ಯಾರಿಗೆ ಹೊಳೆಯಿತೋ ಹೇಳುವುದು ಕಷ್ಟ. ನಾಮ್‌ಹೀ ಆಮೇಲೆ ಅದು ತನಗೇ ಹೊಳೆದದ್ದೆಂದು ಹೇಳಿಕೊಂಡಳು. ಪುಂಗಿಯಲ್ಲಿ ಆ ಹೆಂಗಸೂ ಹಾಗೇ ಹೇಳಿರಬಹುದು. ನಮ್ಮ ಜೊನ್ ನಮಗೆ ಎಂಜಲು. ಅವರ ಜೊನ್? ಅವರ ಹಿರಿಯರು ನಮ್ಮ ಹಿರಿಯರಲ್ಲ. ಪರರ ಎಡೆಯ ಮುಂದೆ ನಮ್ಮ ಬಾಯಿಗೆ ಯಾವ ನಿಯಮ? ನಮ್ಮ ಹಿರಿಯರು ನಮ್ಮ ಸೊಸೆಯ ಬಾಯಿ ಕಾಯುತ್ತಾರೆ, ಊರವರ ಬಾಯನ್ನಲ್ಲ.

"ನೀವು ಒಂದು ತಗೊಳ್ಳಿ," ಎಂದಳು ನಾಮ್‌ಹೀ, ಕಳ್ಳಸಾಗಣೆಯ ದನಿಯಲ್ಲಿ.

"ನೀವೂ," ಎಂದಳು ಅವಳು.

ಎರಡು ಮೀನಿನ ಹೋಳುಗಳು ಕಾಗದದ ಕರವಸ್ತ್ರದ ಮೇಲೆ ಗಡಿ ದಾಟಿದವು. ಇಬ್ಬರೂ ಸುತ್ತ ನೋಡಿ ಒಟ್ಟಿಗೆ ಬಾಯಿಗಿಟ್ಟರು.

ನಾಮ್‌ಹೀಯ ನಾಲಿಗೆ ಸುಟ್ಟಂತಾಯಿತು. ಅದು ಮೀನಲ್ಲ, ಸಮುದ್ರವನ್ನೇ ಒಣಗಿಸಿ ಮೊಟ್ಟೆ ಹಚ್ಚಿದ್ದು. ಸಪ್ಪೆಯ ಭಯಕ್ಕೆ ಆ ಹೆಂಗಸು ಕೈತುಂಬ ಸುರಿದಿದ್ದಳು, ಬಹುಶಃ ಎರಡೆರಡು ಸಲ. ನಾಮ್‌ಹೀ ಅಗಿಯುತ್ತಾ ತಲೆಯೆತ್ತಿದಳು. ಎದುರಿಗೆ ನೇರಳೆ ಜಾಕೀಟಿನ ಮೇಲಿನ ಎರಡು ಕಣ್ಣುಗಳು ಪರೀಕ್ಷೆಯ ಫಲಿತಾಂಶ ಕಾಯುವ ಮಗುವಿನವು.

"ಹೇಗಿದೆ?"

"ಹದವಾಗಿದೆ," ಎಂದಳು ನಾಮ್‌ಹೀ. "ತುಂಬಾ ರುಚಿ."

"ನಿಜವಾಗ್ಲೂ?"

"ನಿಜವಾಗ್ಲೂ. ನನ್ನದು?"

"ಹದವಾಗಿದೆ," ಎಂದಳು ಆ ಹೆಂಗಸು. "ತುಂಬಾ ರುಚಿ."

ಅದೇ ಮಾತು. ಅದೇ ನಗೆ. ನಾಮ್‌ಹೀ ಬೆಚ್ಚಿದಳು. ತಾನು ಹೇಳಿದ್ದು ಹಸಿ ಸುಳ್ಳು. ಹಾಗಾದರೆ ಅವಳು ಹೇಳಿದ್ದು? ಮರ್ಯಾದಸ್ಥ ಹೆಂಗಸು ಇನ್ನೊಬ್ಬಳ ಹಬ್ಬದ ಅಡುಗೆಯನ್ನು ತಂಗುದಾಣದ ಬೆಂಚಿನ ಮೇಲೆ ಸಪ್ಪೆ ಎನ್ನುತ್ತಾಳೆಯೇ? ಹೋಗಲಿ, ನಿಜವನ್ನೇ ಹೇಳಿದಳು ಎಂದುಕೊಳ್ಳೋಣ. ಎರಡು ವರ್ಷ ಉಪ್ಪಿಲ್ಲದೆ ಉಂಡ ನಾಲಿಗೆ ಅದು. ಅದಕ್ಕೆ ಬೆರಳ ಬೆವರೂ ಉಪ್ಪೇ. ಹದಿನೈದು ನಿಮಿಷದ ಹಿಂದೆ ನಾಮ್‌ಹೀಗೆ ಒಂದು ಅನುಮಾನವಿತ್ತು. ಈಗ ಮೂರು ಅನುಮಾನ, ಜೊತೆಗೆ ಸಿಕ್ಕಾಪಟ್ಟೆ ಬಾಯಾರಿಕೆ.

ಬಸ್ಸು ಹೊರಟ ಮೇಲೆ ಅವಳು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದಳು.

"ಆಲೂಗಡ್ಡೆ ತಿಂದವನು ನಾನು," ಎಂದ ಸಂಗ್‌ತೇ. "ನಿನಗ್ಯಾಕೆ ದಾಹ?"

"ಸುಮ್ನಿರಿ."

ಎದ್ದು ಹೋಗಿ ಅವಳ ಕಿವಿಯಲ್ಲಿ ಹೇಳಿಬಿಡಲೇ ಎಂದುಕೊಂಡಳು. ಏನೆಂದು? ಸ್ವಲ್ಪ ಜಾಸ್ತಿಯಾಗಿದೆ ಎಂದೇ? ಹೇಳಿದರೂ ಕರಿದ ಮೀನಿನಿಂದ ಉಪ್ಪು ಹಿಂದಕ್ಕೆ ತೆಗೆಯಲಾದೀತೇ? ಸುಮ್ಮನೆ ಒಂದು ಜೀವಕ್ಕೆ ಎರಡು ತಾಸಿನ ಸಂಕಟ. ಹೀಗೆ ತನ್ನ ಸುಳ್ಳಿಗೆ ದಯೆಯ ಅಂಗಿ ತೊಡಿಸಿದಳು. ಅಂಗಿ ಬಿಗಿಯಾಯಿತು. ಪುಂಗಿಯಲ್ಲಿ ಇಳಿಯುವಾಗ ನೇರಳೆ ಜಾಕೀಟು ಅವಳ ಸೀಟಿನ ಬಳಿ ನಿಂತು, ಕೈ ಹಿಡಿದು, "ನಿಮ್ಮಿಂದ ಧೈರ್ಯ ಬಂತು ನೋಡಿ," ಎಂದಳು. ನಾಮ್‌ಹೀ ಕಿಟಕಿಯ ಕಡೆ ತಿರುಗಿದಳು.

ಯಂಗ್‌ಜು ಮುಟ್ಟಿದಾಗ ಸಂಜೆ ಇಳಿಯುತ್ತಿತ್ತು. ಹಿರಿಮನೆಯ ಬಾಗಿಲಲ್ಲಿ ಯೊನ್‌ಜಾ ಊರುಗೋಲು ಹಿಡಿದು ನಿಂತಿದ್ದಳು. ಮೈದುನನಿಗೆ "ಬಂದ್ಯೇನಪ್ಪಾ" ಎಂದಳು. ಕಣ್ಣು ಗುಲಾಬಿ ಗಂಟಿನ ಮೇಲಿತ್ತು.

ಅಡುಗೆಮನೆಯಲ್ಲಿ ಮುಚ್ಚಳ ತೆರೆದು, ಬೆರಳಿಂದ ಒತ್ತಿ, ಕಾಗದ ಎತ್ತಿ ನೋಡಿದಳು. "ಬೆವತಿಲ್ಲ. ಬಣ್ಣ ಚೆನ್ನಾಗಿದೆ. ಮುರಿದಿಲ್ಲ." ಮೂವತ್ತೊಂದು ವರ್ಷದಲ್ಲಿ ಈ ಬಾಯಿಂದ ಮೂರು ಒಳ್ಳೆಯ ಮಾತು ಒಟ್ಟಿಗೆ ಬಂದದ್ದು ಇದೇ ಮೊದಲು. ನಾಮ್‌ಹೀ ಬಾಯಿ ಮುಚ್ಚಿಕೊಂಡಿದ್ದರೆ ಬೆಳಗಿನವರೆಗಾದರೂ ಅದನ್ನು ಅನುಭವಿಸಬಹುದಿತ್ತು.

"ಅಕ್ಕ, ಮೀನಿಗೆ ಉಪ್ಪು ಹಾಕಿದ್ದು ನೆನಪಿಲ್ಲ."

ಯೊನ್‌ಜಾಳ ಬೆರಳು ನಿಂತಿತು. "ನೆನಪಿಲ್ಲ ಅಂದ್ರೆ?"

"ಹಾಕೋ ಹೊತ್ತಿಗೆ ನಿಮ್ಮ ಫೋನ್ ಬಂತು. ಆಮೇಲೆ ಗೊತ್ತಿಲ್ಲ."

"ಓಹೋ! ಕೊನೆಗೆ ನನ್ನ ಮೇಲೇ ಬಂತಾ?"

"ಹಾಗಲ್ಲ ಅಕ್ಕ. ಏಳು ಸಲ ಮಾಡಿದ್ರಿ. ಅದರಲ್ಲಿ ಐದನೇದು."

ಎಣಿಸಿಟ್ಟದ್ದನ್ನು ಕೇಳಿ ಯೊನ್‌ಜಾಳ ತುಟಿ ಕೊಂಕಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. ಕುರ್ಚಿಯ ಮೇಲೆ ಮೆಲ್ಲಗೆ ಕೂತಳು. ನಾಮ್‌ಹೀ ತಡೆಯಲಾರದೆ ತಂಗುದಾಣ, ಬೆಂಚು, ನೇರಳೆ ಜಾಕೀಟು, ಹೋಳು ಬದಲಾಯಿಸಿದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಕಕ್ಕಿದಳು. ಯೊನ್‌ಜಾ ಕೊನೆಯವರೆಗೂ ಕೇಳಿದಳು.

"ಅಂದ್ರೆ ನಮ್ಮ ಅತ್ತೆಗಿಂತ ಮುಂಚೆ ಪುಂಗಿಯವಳು ತಿಂದ್ಲು."

"ಬೇರೆ ಮನೆಯವಳು ಅಲ್ವಾ ಅಕ್ಕ. ಅದು ಎಂಜಲಾ?"

"ಗೊತ್ತಿಲ್ಲ. ಅತ್ತೆ ಇದ್ದಿದ್ರೆ ಕೇಳ್ಬಹುದಿತ್ತು." ಸ್ವಲ್ಪ ಯೋಚಿಸಿ, "ಈಗ ಉಪ್ಪು ಹಾಕೋಕಾಗಲ್ಲ. ಮೊದ್ಲೇ ಹಾಕಿದ್ರೆ ಎರಡಾಗುತ್ತೆ. ಹೋಗಿ ಕೈಕಾಲು ತೊಳ್ಕೊ," ಎಂದಳು. ಅಂಗಡಿಯ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದರಿಂದ ನಾಮ್‌ಹೀ ಆ ರಾತ್ರಿಯೂ ಹೊರಳಾಡಿದಳು.

ಬೆಳಿಗ್ಗೆ ಯೊನ್‌ಜಾಳ ಗಂಡ, ದೊಡ್ಡ ಭಾವ, ಎಡೆಯ ಮೇಜಿನ ಮುಂದೆ ನಕ್ಷೆ ಹಿಡಿದು ನಿಂತಿದ್ದರು. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ, ಹಣ್ಣು ಕೊನೆಯ ಸಾಲಿಗೆ. ಯೊನ್‌ಜಾ ಕುಂಟುತ್ತಾ ಬಂದು, ನಡುವೆ ಇದ್ದ ಉಪ್ಪುಪ್ಪು ಸೋಯಾ ರಸದ ಪುಟ್ಟ ಬಟ್ಟಲನ್ನು ಎತ್ತಿ ಮೀನಿನ ಜೊನ್ ತಟ್ಟೆಗೆ ಅಂಟಿಸಿ ಇಟ್ಟಳು.

"ಅದು ಮಧ್ಯದಲ್ಲಿರ್ಬೇಕು," ಎಂದರು ಭಾವ, ನಕ್ಷೆಯ ಮೇಲೆ ಬೆರಳಿಟ್ಟು.

"ನಿಮ್ಮಮ್ಮಂಗೆ ಬಲಭುಜ ನೋವಿತ್ತಲ್ಲ. ಅಷ್ಟು ದೂರ ಕೈ ಹೋಗಲ್ಲ."

ಭಾವ ನಕ್ಷೆ ನೋಡಿದರು, ಎಡೆಯ ಹಿಂದೆ ನಿಲ್ಲಿಸಿದ್ದ ಅಮ್ಮನ ಹೆಸರಿನ ಹಲಗೆ ನೋಡಿದರು. ನಕ್ಷೆಯಲ್ಲಿ ಭುಜನೋವಿಗೆ ಜಾಗವಿರಲಿಲ್ಲ. ಅವರು ಅದನ್ನು ಮಡಚಿ ಜೇಬಿಗಿಟ್ಟರು. ನಾಮ್‌ಹೀ ಓರಗಿತ್ತಿಯ ಕಡೆ ನೋಡಿದಳು. ಓರಗಿತ್ತಿ ಮೇಣದಬತ್ತಿಯ ಕಡೆ ನೋಡುತ್ತಿದ್ದಳು.

ಅಡ್ಡಬಿದ್ದಾಯಿತು, ಹಿರಿಯರು ಉಂಡದ್ದಾಯಿತು. ಅವರು ಎಂದಿನಂತೆ ಏನೂ ಹೇಳಲಿಲ್ಲ. ಎಡೆ ಇಳಿಸಿ ಮನೆಯವರೆಲ್ಲ ಸುತ್ತ ಕೂತರು. ಯೊನ್‌ಜಾ ಮೊದಲು ಕೈಹಾಕಿದ್ದು ಮೀನಿನ ತಟ್ಟೆಗೆ. ಸೋಯಾದಲ್ಲಿ ಅದ್ದದೆ ಬಾಯಿಗಿಟ್ಟು ಅಗಿದಳು. ನಾಮ್‌ಹೀ ಉಸಿರು ಹಿಡಿದು ಕೂತಳು.

"ಉಪ್ಪಿದೆ," ಎಂದಳು ಯೊನ್‌ಜಾ. "ಸರಿಯಾಗೇ ಇದೆ."

ನಾಮ್‌ಹೀ ತಾನೊಂದು ತೆಗೆದು ತಿಂದಳು. ಹೌದು. ಹದವಾಗಿತ್ತು. ಆ ಹೆಂಗಸು ಹೇಳಿದ್ದ ಅದೇ ಮಾತು. ಮೂವತ್ತೊಂದು ವರ್ಷದ ಗಾಳಿ ಅವಳೆದೆಯಿಂದ ಹೊರಬೀಳುವುದರಲ್ಲಿತ್ತು. ಅಷ್ಟರಲ್ಲಿ ಸಂಗ್‌ತೇ, "ಈ ಎಳೆಗುಂಬಳ ಯಾಕೋ ಸಪ್ಪೆ, ಬರೀ ಬಾಯಿ ತೊಳೆದ ಹಾಗಿದೆಯಲ್ಲೇ," ಎಂದ.

ಗಾಳಿ ಅಲ್ಲೇ ನಿಂತಿತು. ಯೊನ್‌ಜಾ ಒಂದು ಬಿಲ್ಲೆ ತೆಗೆದು ಕಚ್ಚಿದಳು. ಅಗಿದಳು. ನಾಮ್‌ಹೀಯ ಮುಖ ನೋಡಿದಳು.

"ಹುಡುಗೀ, ಎಳೆಗುಂಬಳ ನೀರು ಬಿಟ್ಟಿತ್ತಾ?"

"ಇಲ್ಲ ಅಕ್ಕ. ಒಂದು ತೊಟ್ಟೂ ಬಿಡಲಿಲ್ಲ. ಒಳ್ಳೇ ಕಾಯಿ ಅಂತ..." ಅಲ್ಲಿಗೆ ಅವಳ ಮಾತು ನಿಂತಿತು. ಉಪ್ಪು ಬೀಳದ ಎಳೆಗುಂಬಳ ನೀರು ಬಿಡುವುದಾದರೂ ಹೇಗೆ? ಅವಳ ಕಣ್ಣಿಗೆ ಕಟ್ಟಿದ್ದದ್ದು ಬಿಳಿ ಸಾಲುಗಳು, ಅವುಗಳ ಮೇಲೆ ಉದುರುವ ಉಪ್ಪು. ಸಾಲಿನಲ್ಲಿ ಇದ್ದದ್ದು ಎಳೆಗುಂಬಳವಲ್ಲ, ಮೀನು. ನಾನೂರು ಮಕ್ಕಳ ಅಡುಗೆಯವಳು, ಹತ್ತೊಂಬತ್ತು ವರ್ಷ! ಅವಳಿಗೆ ಮೇಜಿನಡಿ ಹೋಗಿ ಕೂರಬೇಕೆನಿಸಿತು.

ಯೊನ್‌ಜಾ ಸೋಯಾ ಬಟ್ಟಲನ್ನು ಮೀನಿನ ಬಳಿಯಿಂದ ಎಳೆಗುಂಬಳದ ಬಳಿಗೆ ಸರಿಸಿದಳು. ಒಂದು ಬಿಲ್ಲೆ ಅದ್ದಿ ತಿಂದಳು. ಇನ್ನೊಂದು ಅದ್ದಿದಳು.

"ಮುಂದಿನ ವರ್ಷ," ಎಂದಳು ಅಗಿಯುತ್ತಾ, ಯಾರ ಮುಖವನ್ನೂ ನೋಡದೆ, "ಆ ಪುಂಗಿಯವಳು ಸಿಕ್ರೆ ಬರೀ ಮೀನು ಕೊಡಬೇಡ. ಮೂರೂ ಕೊಟ್ಟು ನೋಡು."

ಮುಂದಿನ ವರ್ಷ. ನಾಮ್‌ಹೀ ಆ ಎರಡು ಪದಗಳನ್ನು ಮೀನಿಗಿಂತ ನಿಧಾನವಾಗಿ ಅಗಿದಳು. ಅಂಗಡಿ ಇಲ್ಲ. ನಾಲ್ಕು ಗಂಟೆಗೆ ಏಳುವುದು, ಎಣ್ಣೆ ಹೊಗೆ, ಏಳು ಫೋನು, ಏಳು ತಾಸಿನ ಬಸ್ಸು, ಎಲ್ಲವೂ ಅವಳದೇ. ಇಷ್ಟಕ್ಕಾಗಿ ತಿಂಗಳು ನಿದ್ದೆಗೆಟ್ಟೆನೇ ಎಂದು ನಗು ಬಂತು.

"ಅಂದಹಾಗೆ," ಎಂದಳು ಯೊನ್‌ಜಾ, "ಅವಳ ಮೀನು ಅಷ್ಟೊಂದು ಉಪ್ಪಾ?"

ನಾಮ್‌ಹೀಯ ನಗು ನಿಂತಿತು. ಕೆಲವೇ ಮೈಲಿಗಳಾಚೆ, ಇದೇ ಹೊತ್ತಿಗೆ, ಇನ್ನೊಂದು ಮನೆಯಲ್ಲಿ ಎಡೆ ಇಳಿಸಿರುತ್ತಾರೆ. ಹೊಸ ಸೊಸೆ ಮೊದಲ ಹೋಳು ಬಾಯಿಗಿಟ್ಟಿರುತ್ತಾಳೆ. ನಿಜ ಹೇಳಿದ ಆ ಹೆಂಗಸು ನೇರಳೆ ಜಾಕೀಟು ಕಳಚಿ, ಧೈರ್ಯದಿಂದ, ನಗುತ್ತಾ, ಎಲ್ಲರ ಮುಖ ನೋಡುತ್ತಿರುತ್ತಾಳೆ.

ನಾಮ್‌ಹೀ ಕೈಚಾಚಿ ನೀರಿನ ಲೋಟ ಎತ್ತಿಕೊಂಡಳು. ಅವಳಿಗೆ ಬಾಯಾರಿಕೆಯೇನೂ ಆಗಿರಲಿಲ್ಲ.